ಅರ್ಧ ಜಟೆ, ಅರ್ಧ ಕಿರೀಟ



ನಾನು ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿರುವ ಒಬ್ಬ ಅಜ್ಜ. ಹೈಸ್ಕೂಲಿನಲ್ಲಿ ಬಹಳ ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ಮಕ್ಕಳೇ, ನನ್ನ ಮೊಮ್ಮಗಳು ಹೊರದೇಶದಲ್ಲಿರುವ ನಿಮ್ಮ ಕನ್ನಡ ಕೂಟದ ತರಗತಿಗೆ ಬರುತ್ತಾಳೆ. ಹೋದ ಬೇಸಿಗೆಯಲ್ಲಿ ಅವಳು ಊರಿಗೆ ಬಂದಾಗ ಹರಿಹರದ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿದ್ದೆ. ಗರ್ಭಗುಡಿಯ ಮುಂದೆ ನಿಂತು ಅವಳು ಕೇಳಿದಳು: “ಅಜ್ಜಾ, ಇದು ಈಶ್ವರನಾ, ವಿಷ್ಣುವಾ?” ಹಿಂದೆ ಜನ ಸಾಲಿನಲ್ಲಿದ್ದರು, ಸಾವಕಾಶವಾಗಿ ಉತ್ತರ ಹೇಳಲು ಆಗಲಿಲ್ಲ. ಈಗ ಕೂಟದವರು ತಮ್ಮ ಸಂಚಿಕೆಗೆ ಮಕ್ಕಳಿಗಾಗಿ ಏನಾದರೂ ಬರೆದುಕೊಡಿ ಎಂದು ಕೇಳಿದ್ದಾರೆ. ಅವಳಿಗೆ ಕೊಡಬೇಕಿದ್ದ ಉತ್ತರವನ್ನೇ ನಿಮ್ಮೆಲ್ಲರಿಗೂ ಸೇರಿಸಿ ಬರೆಯುತ್ತೇನೆ.

ಮೊದಲು ಊರು. ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರ್. ಪಿ.ಬಿ. ರಸ್ತೆ ಹಿಡಿದು ಬಾತಿ ಗುಡ್ಡ ದಾಟಿದರೆ ಸ್ವಲ್ಪ ಹೊತ್ತಿಗೆ ಹರಿಹರ ಬರುತ್ತದೆ. ಊರ ಪಕ್ಕದಲ್ಲೇ ತುಂಗಭದ್ರಾ ಹೊಳೆ. ತುಂಗಾ ಬೇರೆ, ಭದ್ರಾ ಬೇರೆ. ಶಿವಮೊಗ್ಗದ ಹತ್ತಿರ ಕೂಡ್ಲಿ ಎಂಬಲ್ಲಿ ಎರಡೂ ಸೇರಿ ತುಂಗಭದ್ರಾ ಆಗುತ್ತವೆ. ಹರಿ ಎಂದರೆ ವಿಷ್ಣು, ಹರ ಎಂದರೆ ಶಿವ. ಎರಡೂ ಸೇರಿ ಹರಿಹರ. ವ್ಯಾಕರಣದಲ್ಲಿ ಇದಕ್ಕೆ ದ್ವಂದ್ವ ಸಮಾಸ ಎನ್ನುತ್ತಾರೆ. ಗಿಡಮರ, ಅಣ್ಣತಮ್ಮ, ತಾಯಿತಂದೆ ಎಂದ ಹಾಗೆ. ಎರಡು ಪದಗಳಲ್ಲಿ ಯಾವುದೂ ಇನ್ನೊಂದನ್ನು ನುಂಗುವುದಿಲ್ಲ, ಎರಡಕ್ಕೂ ಸಮ ಮರ್ಯಾದೆ. ಹರಿಹರದ ಬಳಿಯಲ್ಲೇ ಹರಿದ್ರಾ ಎಂಬ ಇನ್ನೊಂದು ಹೊಳೆ ಬಂದು ತುಂಗಭದ್ರೆಯನ್ನು ಕೂಡುತ್ತದೆ. ಅದಕ್ಕೇ ಆ ಊರಿಗೆ ಹಿಂದೆ ಕೂಡಲೂರು ಎಂಬ ಹೆಸರೂ ಇತ್ತು. ನದಿಯೂ ಜೋಡಿ, ದೇವರೂ ಜೋಡಿ, ಊರ ಹೆಸರೂ ಜೋಡಿ. ಇಂಥ ಊರು ನನ್ನ ಮನೆಯಿಂದ ಅರ್ಧ ಗಂಟೆಯ ದಾರಿಯಲ್ಲಿದೆ ಎಂಬುದು ನನಗೆ ಇವತ್ತಿಗೂ ಸಂತೋಷದ ಸಂಗತಿ.

ಅಲ್ಲಿನ ಸ್ಥಳಪುರಾಣದಲ್ಲಿ ಗುಹಾಸುರ ಎಂಬ ರಾಕ್ಷಸನ ಕಥೆಯಿದೆ. ಅವನು ತಪಸ್ಸು ಮಾಡಿ ಬ್ರಹ್ಮನಿಂದ ವರ ಪಡೆದ: ತನ್ನನ್ನು ಹರಿಯೂ ಕೊಲ್ಲಬಾರದು, ಹರನೂ ಕೊಲ್ಲಬಾರದು. ವರ ಸಿಕ್ಕ ಮೇಲೆ ಲೋಕಕ್ಕೆಲ್ಲ ಕಾಟ ಕೊಡತೊಡಗಿದ. ಆಗ ಹರಿ ಮತ್ತು ಹರ ಒಂದೇ ದೇಹವಾಗಿ ಬಂದರು. ಬಂದವನು ಹರಿಯೂ ಅಲ್ಲ, ಹರನೂ ಅಲ್ಲ, ಹರಿಹರ. ಗುಹಾಸುರ ಸೋತ. ಸಾಯುವಾಗ ಈ ಜಾಗಕ್ಕೆ ತನ್ನ ಹೆಸರು ಇರಲಿ ಎಂದು ಬೇಡಿಕೊಂಡನಂತೆ. ಹಾಗಾಗಿ ಹರಿಹರ ಕ್ಷೇತ್ರವನ್ನು ಗುಹಾರಣ್ಯ ಎಂದೂ ಕರೆಯುತ್ತಾರೆ.

ಕಥೆ ಕೇಳುವುದು ಸುಲಭ. ಅದನ್ನು ಕಲ್ಲಿನಲ್ಲಿ ತೋರಿಸುವುದು ಹೇಗೆ? ಶಿಲ್ಪಿಯ ಕೈಯಲ್ಲಿರುವುದು ಒಂದೇ ಕಲ್ಲು, ಒಂದೇ ಮುಖ, ಒಂದೇ ಮೈ. ನೋಡಿದವರಿಗೆ “ಇಲ್ಲಿ ಇಬ್ಬರಿದ್ದಾರೆ” ಎಂದು ತಿಳಿಯಬೇಕು. ಕಲ್ಲಿನ ಕೆಳಗೆ ಹೆಸರು ಬರೆದರೆ ಓದು ಬಲ್ಲವರಿಗೆ ಮಾತ್ರ ತಿಳಿಯುತ್ತದೆ. ಹಳೆಯ ಕಾಲದಲ್ಲಿ ಓದು ಬಲ್ಲವರು ಕಡಿಮೆ. ಎಲ್ಲರೂ ಓದಬಲ್ಲ ಬರಹವೊಂದು ಬೇಕಿತ್ತು. ಅದೇ ಕುರುಹು, ಗುರುತು, ಲಾಂಛನ. ಏನು ಹೆಸರು ಹೇಳಿದರೂ ಸರಿ.

ನಾನು ತರಗತಿಯಲ್ಲಿ ಮಕ್ಕಳಿಗೆ ಹೇಳುತ್ತಿದ್ದ ಒಂದು ಮಾತನ್ನು ನಿಮಗೂ ಹೇಳುತ್ತೇನೆ. ಹಳೆಯ ಶಿಲ್ಪದ ಮುಂದೆ ನಿಂತಾಗ ಮುಖ ನೋಡಿ ಯಾರೆಂದು ಊಹಿಸಬೇಡಿ. ಮುಖ ಎಲ್ಲರದೂ ಚೆಂದ, ಎಲ್ಲರದೂ ಶಾಂತ. ತಲೆಯ ಮೇಲೆ ಏನಿದೆ ನೋಡಿ, ಕೈಯಲ್ಲಿ ಏನಿದೆ ನೋಡಿ, ಕಾಲ ಬುಡದಲ್ಲಿ ಯಾರಿದ್ದಾರೆ ನೋಡಿ. ಜೈನ ಬಸದಿಗೆ ಹೋದರೆ ಈ ಮಾತು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಅಲ್ಲಿ 24 ತೀರ್ಥಂಕರರು ಹೆಚ್ಚು ಕಡಿಮೆ ಒಂದೇ ರೀತಿ ಇರುತ್ತಾರೆ. ಪೀಠದಲ್ಲಿ ಎತ್ತು ಕಂಡರೆ ವೃಷಭನಾಥ, ಸಿಂಹ ಕಂಡರೆ ಮಹಾವೀರ. ತಲೆಯ ಮೇಲೆ ಹಾವಿನ ಹೆಡೆ ಇದ್ದರೆ ಹೆಚ್ಚಾಗಿ ಪಾರ್ಶ್ವನಾಥ.

ಇನ್ನು ಹರಿಹರನನ್ನು ನೋಡೋಣ. ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಉದ್ದಕ್ಕೆ ನಡುವೆ ಮಡಚಿ ಬಿಡಿಸಿ. ನಡುವೆ ಒಂದು ಗೆರೆ ಮೂಡಿತಲ್ಲ, ಆ ಗೆರೆಯ ಮೇಲೆ ಒಬ್ಬ ಮನುಷ್ಯ ನಿಂತಿದ್ದಾನೆ ಎಂದುಕೊಳ್ಳಿ. ನೆತ್ತಿಯಿಂದ ಮೂಗಿನ ತುದಿ, ಹೊಕ್ಕುಳು, ಎರಡು ಪಾದಗಳ ನಡುವಿನವರೆಗೆ ಆ ಗೆರೆ ಇಳಿಯುತ್ತದೆ. ದೇವರ ಬಲಭಾಗ ಶಿವನದು, ಎಡಭಾಗ ವಿಷ್ಣುವಿನದು. ಇಲ್ಲಿ ಎಲ್ಲ ಮಕ್ಕಳೂ ತಪ್ಪು ಮಾಡುತ್ತಾರೆ, ದೊಡ್ಡವರೂ ಮಾಡುತ್ತಾರೆ. ಬಲ ಎಂದರೆ ನಮ್ಮ ಬಲವಲ್ಲ, ದೇವರ ಬಲ. ದೇವರು ನಮ್ಮ ಕಡೆ ಮುಖ ಮಾಡಿ ನಿಂತಿರುವುದರಿಂದ ಶಿವನ ಭಾಗ ನಮ್ಮ ಎಡಗೈ ಕಡೆಗೆ ಬರುತ್ತದೆ.

ತಲೆಯಿಂದ ಶುರುಮಾಡಿ. ಶಿವನ ಕಡೆ ಜಟೆ. ಕೂದಲನ್ನು ಎತ್ತಿ ಕಟ್ಟಿ, ಅದರಲ್ಲಿ ಚಂದ್ರನ ಒಂದು ತುಣುಕು ಸಿಕ್ಕಿಸಿರುತ್ತಾರೆ. ವಿಷ್ಣುವಿನ ಕಡೆ ರತ್ನದ ಕಿರೀಟ. ಕೈಗೆ ಬನ್ನಿ. ಸಾಮಾನ್ಯವಾಗಿ ಶಿವನ ಕಡೆ ತ್ರಿಶೂಲ ಅಥವಾ ಕೊಡಲಿ, ಕೆಲವು ಕಡೆ ಜಪಮಾಲೆ, ಡಮರು. ವಿಷ್ಣುವಿನ ಕಡೆ ಶಂಖ, ಚಕ್ರ. ಬಣ್ಣದ ಚಿತ್ರ ಬರೆಯುವವರು ಶಿವನ ಅರ್ಧವನ್ನು ಕರ್ಪೂರದಂತೆ ಬೆಳ್ಳಗೆ ಬರೆದು ಹುಲಿಚರ್ಮ ಉಡಿಸುತ್ತಾರೆ. ವಿಷ್ಣುವಿನ ಅರ್ಧ ಮಳೆಮೋಡದಂತೆ ನೀಲಿ, ಅದಕ್ಕೆ ಹಳದಿ ಪೀತಾಂಬರ.

ಜಟೆ ಯಾಕೆ, ಕಿರೀಟ ಯಾಕೆ ಎಂದು ಕೇಳಬೇಕು. ಜಟೆ ಎಂದರೆ ಮನೆಮಠ ಬಿಟ್ಟು ಕಾಡಿನಲ್ಲಿ, ಮಸಣದಲ್ಲಿ, ಬೆಟ್ಟದ ಮೇಲೆ ಇರುವವನ ಗುರುತು. ಕಿರೀಟ ಎಂದರೆ ಲೋಕದ ಜವಾಬ್ದಾರಿ ಹೊತ್ತವನ ಗುರುತು. ಒಬ್ಬ ಎಲ್ಲವನ್ನೂ ಬಿಟ್ಟವನು, ಇನ್ನೊಬ್ಬ ಎಲ್ಲವನ್ನೂ ಕಾಯುವವನು. ನಮ್ಮ ಹಿರಿಯರು ಈ ಎರಡನ್ನೂ ಒಂದೇ ತಲೆಯ ಮೇಲೆ ಇಟ್ಟರು. ನನ್ನ ಮಟ್ಟಿಗೆ ಹರಿಹರ ಶಿಲ್ಪದ ಜೀವಾಳ ಇರುವುದು ಆ ನಡುಗೆರೆಯಲ್ಲಿ, ಜಟೆ ಮುಗಿದು ಕಿರೀಟ ಹುಟ್ಟುವ ಜಾಗದಲ್ಲಿ. ಶಿಲ್ಪಿ ಬೇಕೆಂದಿದ್ದರೆ ಎರಡನ್ನೂ ಕಲಸಿ ಮೂರನೆಯದೊಂದು ಶಿರೋಭೂಷಣ ಮಾಡಬಹುದಿತ್ತು. ಹಾಗೆ ಮಾಡಲಿಲ್ಲ. ಜಟೆಯನ್ನು ಜಟೆಯಾಗಿ, ಕಿರೀಟವನ್ನು ಕಿರೀಟವಾಗಿಯೇ ಬಿಟ್ಟ. ತುಟಿ, ಮೂಗು, ಎದೆಯ ಉಸಿರು ಮಾತ್ರ ಇಬ್ಬರಿಗೂ ಒಂದೇ.

ಹಾವನ್ನೂ ಹುಡುಕಿ. ಶಿವ ಹಾವನ್ನು ಮೈಮೇಲೆ ಧರಿಸುತ್ತಾನೆ, ವಿಷ್ಣು ಹಾವಿನ ಮೇಲೆ ಮಲಗುತ್ತಾನೆ. ಆದರೆ ವಿಷ್ಣುವಿನ ವಾಹನ ಗರುಡ, ಹಾವಿನ ಬದ್ಧವೈರಿ. ಕೆಲವು ಹರಿಹರ ಶಿಲ್ಪಗಳಲ್ಲಿ ಶಿವನ ಕಡೆ ನಂದಿಯೂ ವಿಷ್ಣುವಿನ ಕಡೆ ಗರುಡನೂ ಇರುತ್ತಾರೆ. ಅಂದರೆ ಒಂದೇ ಚೌಕಟ್ಟಿನಲ್ಲಿ ಈ ಕಡೆ ಹಾವು, ಆ ಕಡೆ ಗರುಡ. ಇಬ್ಬರೂ ಜಗಳವಾಡದೆ ನಿಂತಿರುತ್ತಾರೆ. ನನ್ನ ಮೊಮ್ಮಗಳಿಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದದ್ದು ಈ ಸಂಗತಿ.

ಇದನ್ನು ಸ್ಪಷ್ಟವಾಗಿ ನೋಡಬೇಕಾದರೆ ಬಾದಾಮಿಗೆ ಹೋಗಬೇಕು. ಹರಿಹರದ ಗರ್ಭಗುಡಿಯಲ್ಲಿ ಪೂಜೆಯ ಮೂರ್ತಿ ಹೂವು, ವಸ್ತ್ರ, ಒಡವೆಗಳ ಅಲಂಕಾರದಲ್ಲಿರುತ್ತದೆ, ಕೆತ್ತನೆ ಪೂರ್ತಿ ಕಾಣುವುದಿಲ್ಲ. ಬಾದಾಮಿಯ ಮೊದಲನೆಯ ಗುಹೆಯಲ್ಲಿ, ಆರನೆಯ ಶತಮಾನದ ಚಾಲುಕ್ಯರ ಕಾಲದ ಆಳೆತ್ತರಕ್ಕಿಂತ ದೊಡ್ಡ ಹರಿಹರನಿದ್ದಾನೆ. ಅವನ ಒಂದು ಪಕ್ಕ ಪಾರ್ವತಿ, ಇನ್ನೊಂದು ಪಕ್ಕ ಲಕ್ಷ್ಮಿ. ಅದೇ ಗುಹೆಯಲ್ಲಿ ಅರ್ಧನಾರೀಶ್ವರನೂ ಇದ್ದಾನೆ, ಬಲಕ್ಕೆ ಶಿವ, ಎಡಕ್ಕೆ ಪಾರ್ವತಿ. ಎರಡನ್ನೂ ನೋಡಿ ಹೋಲಿಸಿ. ಶಿವನ ಎಡಭಾಗ ದೇವಿಯ ಜಾಗ. ಹರಿಹರನಲ್ಲಿ ಆ ಜಾಗಕ್ಕೆ ವಿಷ್ಣು ಬಂದಿದ್ದಾನೆ. ನಿಮ್ಮಲ್ಲಿ ಕೆಲವರಿಗೆ ಅಯ್ಯಪ್ಪ ಸ್ವಾಮಿ ಗೊತ್ತಿರಬೇಕು. ಅವನಿಗೆ ಹರಿಹರಪುತ್ರ ಎನ್ನುತ್ತಾರೆ. ವಿಷ್ಣು ಮೋಹಿನಿಯ ರೂಪ ಧರಿಸಿದಾಗ ಹುಟ್ಟಿದವನು ಎಂಬುದು ಆ ಕಥೆ. ಅಲ್ಲಿಯೂ ವಿಷ್ಣು ದೇವಿಯ ಸ್ಥಾನದಲ್ಲೇ ಇದ್ದಾನೆ. ಉಡುಪಿ ಜಿಲ್ಲೆಯ ಶಂಕರನಾರಾಯಣ ಎಂಬ ಊರಿನ ದೇವರೂ ಈ ಜೋಡಿಯೇ.

ಹರಿಹರದ ಗುಡಿ ಕಟ್ಟಿದ್ದು ಸುಮಾರು 800 ವರ್ಷದ ಹಿಂದೆ, 1223-24ರಲ್ಲಿ. ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ. ದಂಡನಾಯಕ ಎಂದರೆ ಸೈನ್ಯದ ಮುಖ್ಯಸ್ಥ. ಪೋಲಾಳ್ವ ಕವಿಯೂ ಹೌದು, ಹರಿಚಾರಿತ್ರ ಎಂಬ ಕಾವ್ಯ ಬರೆದವನು. ಹರಿಯ ಕಾವ್ಯ ಬರೆದವನು ಗುಡಿ ಕಟ್ಟಿಸುವಾಗ ಹರನನ್ನೂ ಜೊತೆಗೆ ಕರೆದುಕೊಂಡ! ಮುಂದೆ 1268ರಲ್ಲಿ ಸೋಮ ದಂಡನಾಯಕ ಇಲ್ಲಿ ಇನ್ನಷ್ಟು ಕಟ್ಟಡ ಸೇರಿಸಿದ. ಮೈಸೂರಿನ ಹತ್ತಿರದ ಸೋಮನಾಥಪುರದ ಕೇಶವ ದೇವಾಲಯ ಅವನದೇ. ಈಗ ಕಾಣುವ ಗೋಪುರ ಹಳೆಯದಲ್ಲ, ಇಟ್ಟಿಗೆ ಗಾರೆಯದು. ಒಳಗಿನ ಕಂಬಗಳು ಮಾತ್ರ ಹೊಯ್ಸಳರವು. ತಿರುಗಣಿಗೆ ಕೊಟ್ಟು ಕಡೆದಂಥ ಕಂಬಗಳು, ಕೈಯಿಟ್ಟರೆ ಜಾರುತ್ತದೆ. ಛಾವಣಿಯಲ್ಲಿ ಕಲ್ಲಿನ ಕಮಲಗಳಿವೆ. ಕತ್ತೆತ್ತಿ ನೋಡಲು ಮರೆಯಬೇಡಿ.

ಆ ಕಾಲದಲ್ಲಿ ಶಿವ ಹೆಚ್ಚೋ ವಿಷ್ಣು ಹೆಚ್ಚೋ ಎಂಬ ವಾದ ನಾಡಿನಲ್ಲಿ ಜೋರಾಗಿಯೇ ಇತ್ತು. ಜೈನರಿದ್ದರು, ಬಸವಣ್ಣನವರ ದಾರಿ ಹಿಡಿದ ಶರಣರಿದ್ದರು, ಶ್ರೀವೈಷ್ಣವರಿದ್ದರು. ಒಬ್ಬರನ್ನು ಒಬ್ಬರು ಒಪ್ಪದ ಸಂದರ್ಭಗಳೂ ಇದ್ದವು. ಅಂಥ ನಾಡಿನಲ್ಲಿ ಹೊಳೆದಂಡೆಯ ಮೇಲೆ ಈ ಮೂರ್ತಿಗೆ ದೊಡ್ಡ ಗುಡಿ ಎದ್ದಿತು. ಒಂದು ಶತಮಾನ ಕಳೆದ ಮೇಲೆ, 1336ರಲ್ಲಿ, ತುಂಗಭದ್ರೆಯ ಕೆಳದಂಡೆಯಲ್ಲಿ ವಿಜಯನಗರ ಕಟ್ಟಿದ ಅಣ್ಣತಮ್ಮಂದಿರಲ್ಲಿ ಹಿರಿಯನ ಹೆಸರು ಹರಿಹರ. ತಮ್ಮ ಬುಕ್ಕ 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಬಂದ ಜಗಳವನ್ನು ಬಗೆಹರಿಸಿ, ಇಬ್ಬರಿಗೂ ಭೇದವಿಲ್ಲ ಎಂದು ಶಾಸನ ಹಾಕಿಸಿದ. ಆ ಶಾಸನ ಶ್ರವಣಬೆಳಗೊಳದಲ್ಲಿದೆ.

ಹರಿಹರ ನಮ್ಮೂರಿನವನು ಮಾತ್ರ ಎಂದುಕೊಳ್ಳಬೇಡಿ. ನಿಮ್ಮ ಹಾಗೆ ಅವನೂ ಸಮುದ್ರ ದಾಟಿದವನು. ಕಾಂಬೋಡಿಯದ ಖ್ಮೇರ್ ರಾಜರಿಗೆ ಹರಿಹರ ಬಹಳ ಪ್ರಿಯ. ಅಂಕೋರ್ ಕಟ್ಟುವುದಕ್ಕೆ ಮೊದಲು ಅವರ ರಾಜಧಾನಿಯ ಹೆಸರು ಹರಿಹರಾಲಯ. ಜಾವಾ ದ್ವೀಪದಲ್ಲಿ ಮಜಪಾಹಿತ್ ಸಾಮ್ರಾಜ್ಯದ ಮೊದಲ ದೊರೆ ಕೃತರಾಜಸ ತೀರಿಕೊಂಡ ಮೇಲೆ ಅವನನ್ನು ಹರಿಹರನ ರೂಪದಲ್ಲೇ ಕಡೆದರು. ಆ ಮೂರ್ತಿ ಈಗ ಜಕಾರ್ತದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಖಜುರಾಹೊದ, ಸುಮಾರು ಸಾವಿರ ವರ್ಷ ಹಳೆಯ ಹರಿಹರನಿದ್ದಾನೆ. ಕಾಂಬೋಡಿಯದ ಏಳನೆಯ ಶತಮಾನದ ಒಬ್ಬ ಹರಿಹರನ ತಲೆಯನ್ನು ಫ್ರೆಂಚರು ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸ್ಸಿಗೆ ತೆಗೆದುಕೊಂಡು ಹೋಗಿದ್ದರು, ಮೈ ಮಾತ್ರ ಊರಲ್ಲೇ ಉಳಿದಿತ್ತು. ಸುಮಾರು 130 ವರ್ಷ ತಲೆ ಒಂದು ದೇಶದಲ್ಲಿ, ಮೈ ಇನ್ನೊಂದು ದೇಶದಲ್ಲಿ. 2016ರಲ್ಲಿ ಪ್ಯಾರಿಸ್ಸಿನ ಗಿಮೆ ವಸ್ತುಸಂಗ್ರಹಾಲಯ ತಲೆಯನ್ನು ಹಿಂತಿರುಗಿಸಿತು. ನೋಮ್ ಪೆನ್ ನಗರದಲ್ಲಿ ತಲೆಯನ್ನು ಮೈಗೆ ಕೂಡಿಸಿ ನಿಲ್ಲಿಸಿದ್ದಾರೆ. ಆ ಸುದ್ದಿ ಓದಿದ ದಿನ ನಾನು ಪೇಪರನ್ನು ಕತ್ತರಿಸಿ ಇಟ್ಟುಕೊಂಡೆ.

ಇಷ್ಟು ತಿಳಿದ ಮೇಲೆ ನಿಮ್ಮ ಸುತ್ತಲೂ ಕುರುಹುಗಳು ಕಾಣತೊಡಗುತ್ತವೆ. ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆಯಲ್ಲಿ ಹತ್ತು ಹೆಜ್ಜೆ ನಡೆದರೆ ಸಾಕು. ಹಣೆಯ ಮೇಲೆ ಅಡ್ಡಕ್ಕೆ ಮೂರು ಗೆರೆ ವಿಭೂತಿ ಇದ್ದರೆ ಶಿವನನ್ನು ನಂಬಿದವರು. ಉದ್ದಕ್ಕೆ ನಾಮ ಇದ್ದರೆ ವಿಷ್ಣುವನ್ನು ನಂಬಿದವರು. ಗೆರೆ ಅಡ್ಡವೋ ಉದ್ದವೋ, ಅಷ್ಟರಲ್ಲೇ ಇಡೀ ಮಾತು ಮುಗಿಯಿತು. ನಮ್ಮ ಕಡೆಯ ಅನೇಕರು ಕೊರಳಲ್ಲಿ ಇಷ್ಟಲಿಂಗ ಧರಿಸುತ್ತಾರೆ. ಗುಡಿಗೆ ಹೋಗದೆ, ಅಂಗೈಯಲ್ಲೇ ಇಟ್ಟುಕೊಂಡು ನೋಡುವ ಕುರುಹು ಅದು. ಕನ್ನಡದ ಬಾವುಟದ ಹಳದಿ ಮತ್ತು ಕೆಂಪು ಅರಿಶಿನ ಕುಂಕುಮದ ಬಣ್ಣ. ನಿಮ್ಮ ಕೂಟದ ರಾಜ್ಯೋತ್ಸವದ ದಿನ ಅದನ್ನು ಹಿಡಿದಾಗ ಅಜ್ಜಿಯ ದೇವರ ಮನೆಯ ಎರಡು ಬಟ್ಟಲುಗಳನ್ನು ನೆನೆಸಿಕೊಳ್ಳಿ.

ಒಂದು ಕುರುಹಿನ ಬಗ್ಗೆ ಮಾತ್ರ ನಿಮ್ಮೊಂದಿಗೆ ಬಿಡಿಸಿ ಮಾತಾಡಬೇಕು. ಅದು ಸ್ವಸ್ತಿಕ. ಇಲ್ಲಿ ದೀಪಾವಳಿಯ ಲಕ್ಷ್ಮೀಪೂಜೆಗೆ ಹೊಸ ಲೆಕ್ಕದ ಪುಸ್ತಕದ ಮೇಲೆ ಕುಂಕುಮದಲ್ಲಿ ಬರೆಯುತ್ತಾರೆ, ಹೊಸ್ತಿಲ ಮುಂದೆ ರಂಗೋಲಿಯಲ್ಲಿ ಹಾಕುತ್ತಾರೆ. ಒಳ್ಳೆಯದಾಗಲಿ ಎಂಬುದೇ ಅದರ ಅರ್ಥ. ಜೈನರಲ್ಲಿ ಅದು ಸುಪಾರ್ಶ್ವನಾಥನ ಲಾಂಛನ. ಆದರೆ 1920ರಲ್ಲಿ ಜರ್ಮನಿಯ ನಾಜಿ ಪಕ್ಷ ಅದೇ ಆಕಾರವನ್ನು ತನ್ನ ಗುರುತಾಗಿ ಮಾಡಿಕೊಂಡಿತು. ಆ ಬಾವುಟದ ಕೆಳಗೆ ಲಕ್ಷಾಂತರ ಯಹೂದಿ ಕುಟುಂಬಗಳನ್ನು ಕೊಂದರು. ನಿಮ್ಮ ತರಗತಿಯಲ್ಲಿ ಆ ಕುಟುಂಬಗಳ ಮೊಮ್ಮಕ್ಕಳು, ಮರಿಮಕ್ಕಳು ಇರಬಹುದು. ಅವರಿಗೆ ಆ ಆಕಾರ ಕಂಡರೆ ಎದೆ ನಡುಗುತ್ತದೆ. ಅದು ಅವರ ತಪ್ಪಲ್ಲ. ಕುರುಹಿಗೆ ಅರ್ಥ ಬರುವುದು ಅದನ್ನು ಹಿಡಿದವರು ಮಾಡಿದ ಕೆಲಸದಿಂದ. ಮನೆಯೊಳಗೆ, ದೇವರ ಮುಂದೆ ನೀವು ಸ್ವಸ್ತಿಕ ಹಾಕಿ. ಹೊರಗಿನ ಬಾಗಿಲಿಗೆ ಕಮಲದ ರಂಗೋಲಿ ಹಾಕಿದರೆ ಲಕ್ಷ್ಮಿಗೆ ಅಷ್ಟೇ ಸಂತೋಷ. ಪಕ್ಕದ ಮನೆಯವರು ಕೇಳಿದರೆ ಕೂರಿಸಿಕೊಂಡು ಎರಡೂ ಕಥೆ ಹೇಳಿ, ನಮ್ಮದನ್ನೂ ಹೇಳಿ, ಅವರದನ್ನೂ ಕೇಳಿ.

ಕೊನೆಗೆ ಕಲ್ಲುಗಳ ವಿಷಯ. ಹರಿಹರದ ಗುಡಿಯ ಆವರಣದಲ್ಲಿ ಎತ್ತರದ ಶಾಸನಕಲ್ಲುಗಳಿವೆ, ತುಂಬ ಹಳೆಯ ಕನ್ನಡ ಅಕ್ಷರಗಳಲ್ಲಿ. ಮೊಮ್ಮಗಳು ಒಂದೊಂದೇ ಅಕ್ಷರ ಹುಡುಕಿ ಸುಸ್ತಾಗಿ, “ಅಜ್ಜಾ, ನನಗೆ ಕನ್ನಡ ಬರಲ್ಲ” ಎಂದು ಮುಖ ಸಣ್ಣಗೆ ಮಾಡಿದಳು. ಕಂದಾ, ಆ ಅಕ್ಷರ ನನಗೂ ಬರುವುದಿಲ್ಲ. ಅದನ್ನು ಓದಲು ಬೇರೆಯೇ ಕಲಿಯಬೇಕು. ಆ ಕಲ್ಲಿನ ಮುಂದೆ ಊರಿನ ಅಜ್ಜನೂ ಹೊರದೇಶದ ಮೊಮ್ಮಗಳೂ ಸಮ. ಆದರೆ ನಮ್ಮ ನಾಡಿನ ಶಾಸನಕಲ್ಲುಗಳ ನೆತ್ತಿಯಲ್ಲಿ ಚಿತ್ರಗಳಿರುತ್ತವೆ. ಅವನ್ನು ಇಬ್ಬರೂ ಓದಬಹುದು. ಸೂರ್ಯ, ಚಂದ್ರ ಇದ್ದರೆ, ಅವು ಇರುವವರೆಗೂ ಈ ಕೊಟ್ಟ ಮಾತು ಇರುತ್ತದೆ ಎಂದು ಅರ್ಥ. ಹಸು ಕರುವಿಗೆ ಹಾಲೂಡಿಸುತ್ತಿದ್ದರೆ ಅದು ದಾನದ ಕುರುಹು. ಊರ ಹೊರಗೆ ಮೂರು ಅಂತಸ್ತಿನ ಚಿತ್ರವಿರುವ ಕಲ್ಲು ಕಂಡರೆ ಅದು ವೀರಗಲ್ಲು. ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗೆ ಕಾಳಗ, ನಡುವೆ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುವುದು, ಮೇಲೆ ದೇವರ ಸನ್ನಿಧಿ. ಬಳೆ ತೊಟ್ಟ ಒಂದು ಕೈ ಮೇಲೆತ್ತಿದ ಕಲ್ಲು ಮಾಸ್ತಿಕಲ್ಲು, ಗಂಡನ ಚಿತೆಯಲ್ಲಿ ಸತ್ತ ಹೆಣ್ಣಿನದು. ಅದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅದನ್ನೂ ಓದಲು ಕಲಿಯಿರಿ. ಆ ಹೆಂಗಸರ ಬಗ್ಗೆ ನಮಗೆ ಉಳಿದಿರುವುದು ಬಹಳ ಕಡೆ ಆ ಕೈ ಒಂದೇ.

ಮುಂದಿನ ರಜೆಗೆ ಬಂದಾಗ ಬೆಂಗಳೂರಿನಿಂದ ಹುಬ್ಬಳ್ಳಿ ಕಡೆಯ ರೈಲು ಹಿಡಿದರೆ ದಾವಣಗೆರೆ ದಾಟಿದ ಸ್ವಲ್ಪ ಹೊತ್ತಿಗೆ ಹರಿಹರ ಸಿಗುತ್ತದೆ. ಬೆಳಿಗ್ಗೆ ಬೇಗ ಹೋಗಿ, ಆಗ ಬಿಸಿಲೂ ಕಡಿಮೆ, ಜನವೂ ಕಡಿಮೆ. ನಡುವೆ ಮಡಚಿದ ಒಂದು ಬಿಳಿ ಹಾಳೆ, ಒಂದು ಪೆನ್ಸಿಲ್ ಜೇಬಿನಲ್ಲಿರಲಿ. ಅಲ್ಲಿಯವರೆಗೆ ಕಾಯುವುದೂ ಬೇಡ, ಈ ಭಾನುವಾರವೇ ನಿಮ್ಮ ಹರಿಹರನನ್ನು ಬರೆದು ಕೂಟದ ಮೇಷ್ಟ್ರ ಕೈಗೆ ಕೊಡಿ. ಅವರು ನನಗೆ ಕಳಿಸುತ್ತಾರೆ. ಒಂದೊಂದನ್ನೂ ನೋಡಿ ನಿಮಗೆ ಉತ್ತರ ಬರೆಯುತ್ತೇನೆ.